ಹನಿ ಎಣಿಸುವ ನೀಲವ್ವ ಸಿಸ್ಟರ್

ನೀಲವ್ವ ಸಿಸ್ಟರ್ ಬೈಯುವುದನ್ನೂ ಎಣಿಸುವುದನ್ನೂ ಒಟ್ಟಿಗೇ ಮಾಡುತ್ತಿದ್ದರು. ಡ್ರಿಪ್ ಬಾಟಲಿಯ ಕೆಳಗೆ ಹನಿ ಬೀಳುವ ಪುಟ್ಟ ಕೊಳವೆ ಇರುತ್ತದಲ್ಲ, ಅದರ ಪಕ್ಕಕ್ಕೆ ಎಡಗೈಯ ಗಡಿಯಾರ ಹಿಡಿದು, ಕಣ್ಣನ್ನು ಅಲ್ಲೇ ನೆಟ್ಟು, “ಹತ್ತು, ಹನ್ನೊಂದು, ಯಜಮಾನ್ರ, ನಿಮಗ ಹೊರಗ ನಿಲ್ರಿ ಅಂತ ಹೇಳಿದ್ದಿಲ್ಲೇನು, ಹನ್ನೆರಡು, ಚಪ್ಪಲಿ ಬ್ಯಾರೆ ಹಾಕ್ಕೊಂಡು ಬಂದೀರಿ, ಹದಿಮೂರು, ಬಾಯಾಗ ಏನದು, ಉಗುಳಿ ಬರ್ರಿ, ಹದಿನಾಕು” ಎಂದು ಸಾಗುತ್ತಿದ್ದರು. ಒಂದು ಹನಿಗೂ ಇನ್ನೊಂದು ಹನಿಗೂ ನಡುವೆ ನಾಲ್ಕು ಸೆಕೆಂಡ್ ಸಿಗುತ್ತದೆ. ನಾಲ್ಕು ಸೆಕೆಂಡಿನಲ್ಲಿ ಒಬ್ಬ ಗಂಡಸಿನ ಮರ್ಯಾದೆಯನ್ನು ಎಷ್ಟು ತೆಗೆಯಬಹುದು ಎಂಬುದನ್ನು ಅವರು ವರ್ಷಗಟ್ಟಲೆ ಅಭ್ಯಾಸ ಮಾಡಿಕೊಂಡಿದ್ದರು. ನಿಮಿಷ ಮುಗಿಯುವಷ್ಟರಲ್ಲಿ ಎಣಿಕೆಯೂ ಮುಗಿದಿರುತ್ತಿತ್ತು, ಗಂಡಸು ಕಾರಿಡಾರಿನಲ್ಲಿರುತ್ತಿದ್ದ.

ನಾನು ಪೀಣ್ಯ ಎರಡನೇ ಹಂತದ ಒಂದು ಸಣ್ಣ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಮನೆ ಬಾಗಲಗುಂಟೆಯಲ್ಲಿ. ಮನೆಯಿಂದ ಮೂರು ಬೀದಿ ಆಚೆಗೆ ಎಂಟು ಹಾಸಿಗೆಯ ಒಂದು ಹೆರಿಗೆ ಆಸ್ಪತ್ರೆಯಿದೆ. ಕಟ್ಟಡದ ಕೆಳಗೆ ಬೇಕರಿ, ಮೇಲೆ ಟ್ಯೂಷನ್ ಸೆಂಟರ್, ನಡುವೆ ಆಸ್ಪತ್ರೆ. ಮೇಲೆ ಮಕ್ಕಳು ಮಗ್ಗಿ ಹೇಳುತ್ತಿದ್ದರೆ ನಡುವೆ ಹೆಂಗಸರು ಕೂಗುತ್ತಿರುತ್ತಾರೆ, ಕೆಳಗೆ ಬನ್ನು ಬೇಯುತ್ತಿರುತ್ತದೆ. ಈ ಮೂರರ ನಡುವೆ ನೀಲವ್ವ ಸಿಸ್ಟರ್ ಒಬ್ಬರೇ ಸಾವಧಾನವಾಗಿ ನಡೆದಾಡುತ್ತಿದ್ದರು. ಬಾದಾಮಿ ಕಡೆಯವರು. ಕುಳ್ಳಗೆ, ದುಂಡಗೆ, ಹಣೆಯ ಮೇಲೆ ಎದ್ದು ಕಾಣುವ ವಿಭೂತಿ, ಬಿಳಿ ಕೋಟಿನ ಜೇಬಿನಲ್ಲಿ ಹತ್ತಿ, ಪ್ಲಾಸ್ಟರು, ಪೆನ್ನು ಮತ್ತು ಒಂದು ಪೊಟ್ಟಣ ಪುಟಾಣಿ ಬೆಲ್ಲ. ಬೆಂಗಳೂರಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಮಾತಿಗೆ ಇಲ್ಲಿನ ಗಾಳಿ ತಾಗಿರಲಿಲ್ಲ. ಮದುವೆಯಾಗಿತ್ತೋ ಇಲ್ಲವೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅವರ ಪ್ರಪಂಚದಲ್ಲಿ ಎರಡು ಬಗೆಯ ಔಷಧಗಳಿದ್ದವು. ಬೇನೆ ಬರಿಸುವುದು, ಬೇನೆ ನಿಲ್ಲಿಸುವುದು. ಬರಿಸುವುದನ್ನು ಫ್ರಿಜ್ಜಿನಲ್ಲಿ ಇಡಬೇಕು, ಇಲ್ಲದಿದ್ದರೆ ಅದರ ಕಸುವು ಹೋಗುತ್ತದೆ. ಹಾಗಾಗಿ ಆ ಫ್ರಿಜ್ಜು ಅವರಿಗೆ ಗರ್ಭಗುಡಿ. ಒಮ್ಮೆ ನಮ್ಮ ಅತ್ತೆ, ಅಂದರೆ ಹೆಂಡತಿ ಪುಷ್ಪಳ ತಾಯಿ, ಬಿಸಿಲಿಗೆ ಹುಳಿಯಾದೀತೆಂದು ಮೊಸರನ್ನದ ಡಬ್ಬಿಯನ್ನು ಅದರೊಳಗೆ ಇಟ್ಟುಬಿಟ್ಟಿದ್ದರು. ಸಿಸ್ಟರ್ ಆ ಡಬ್ಬಿಯನ್ನು ಎರಡು ಬೆರಳಲ್ಲಿ ಹಿಡಿದು ವಾರ್ಡಿನ ನಡುವೆ ನಿಂತು, “ಈ ಮಸರನ್ನಕ್ಕ ಎಷ್ಟು ತಿಂಗಳ್ರೀ?” ಎಂದು ಕೇಳಿದರು. ಅತ್ತೆ ಅದನ್ನು ತಮ್ಮದೆಂದು ಒಪ್ಪಿಕೊಳ್ಳಲೇ ಇಲ್ಲ. ಅವತ್ತು ಮಧ್ಯಾಹ್ನ ಬೇಕರಿಯ ಬನ್ನು ತಿಂದರು.

ಮೊದಲ ಸಲ ನಾವು ಅಲ್ಲಿಗೆ ಹೋದದ್ದು ನಿಲ್ಲಿಸುವ ಔಷಧಕ್ಕೆ. ಪುಷ್ಪ ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸ ಮಾಡುತ್ತಿದ್ದಳು. ಎಂಟನೇ ತಿಂಗಳು ಶುರುವಾಗಿ ನಾಲ್ಕು ದಿನವಾಗಿತ್ತು. ಬೆಳಿಗ್ಗೆ ನಿಂತು ಶರ್ಟು ನೋಡುತ್ತಿದ್ದವಳಿಗೆ ಹೊಟ್ಟೆ ಹಿಡಿದು ಬಿಡುವುದು ಶುರುವಾಯಿತು. ಸುದ್ದಿ ತಿಳಿದು ಅವಳನ್ನು ಕರೆದುಕೊಂಡು ಬರಲು ಹೋದ ನಾನು ಗ್ಯಾಸು ಎಂದು ತೀರ್ಮಾನಿಸಿ ಒಂದು ಸೋಡಾ ಕುಡಿಸಿದೆ. ಇನ್ನೊಂದು ಕುಡಿಸಿದೆ. ಮೂರನೆಯದನ್ನು ಪುಷ್ಪ ನನ್ನ ಶರ್ಟಿನ ಮೇಲೆ ಚೆಲ್ಲಿದ ಮೇಲೆ ಆಟೋ ಹಿಡಿದೆ.

ಸಿಸ್ಟರ್ ಅವಳನ್ನು ಎಡಮಗ್ಗುಲಿಗೆ ಮಲಗಿಸಿ, ಹೊಟ್ಟೆಯ ಮೇಲೆ ಅಂಗೈ ಇಟ್ಟು ಹತ್ತು ನಿಮಿಷ ಸುಮ್ಮನೆ ಕುಳಿತರು. ನಾನು ಹತ್ತಿರ ಹೋಗಿ, “ಗ್ಯಾಸಲ್ವಾ ಸಿಸ್ಟರ್?” ಎಂದೆ.

“ಗ್ಯಾಸ್ ನಿಮ್ಮ ತಲ್ಯಾಗ ಐತಿ. ಬರ್ರಿ ಇಲ್ಲಿ. ನಿಮ್ಮ ಮೂಗಿನ ತುದಿ ಒತ್ತಿ ನೋಡ್ರಿ. ಮೆತ್ತಗ ಐತಿಲ್ಲೋ? ಹೊಟ್ಟಿ ಹಂಗ ಆದ್ರ ಸಣ್ಣ ಬ್ಯಾನಿ. ಗದ್ದ ಒತ್ರಿ. ಹಂಗಾದ್ರ ನಡುವಿನದು. ಹಣಿ ಒತ್ರಿ. ಹಣಿಯಂಗ ಗಟ್ಟಿ ಆತಂದ್ರ ಕೂಸು ಹೊಂಟೈತಿ ಅಂತ ತಿಳೀರಿ. ಈಗ ಈಕಿ ಹೊಟ್ಟಿ ಗದ್ದದಷ್ಟು ಐತಿ.”

ನಾನು ಮೂಗು, ಗದ್ದ, ಹಣೆ ಒತ್ತಿಕೊಂಡೆ. ಕಾರಿಡಾರಿನ ಬೆಂಚಿನ ಮೇಲೆ ಇನ್ನಿಬ್ಬರು ಗಂಡಂದಿರು ಕುಳಿತಿದ್ದರು. ಅವರೂ ಒತ್ತಿಕೊಂಡರು. ಅವರಿಗೆ ಯಾರೂ ಹೇಳಿರಲಿಲ್ಲ.

ಡಾಕ್ಟರ್ ಮೇಡಂ ಬಂದು ನೋಡಿ, ಬೇನೆ ತಡೆಯಲು ಚುಚ್ಚುಮದ್ದು ಬರೆದರು. ಮಗುವಿನ ಶ್ವಾಸಕೋಶ ಬಲಿಯಲು ಇನ್ನೊಂದು. ಮೊದಲನೆಯದು ಎರಡು ದಿನ ಹಿಡಿದು ನಿಲ್ಲಿಸಿದರೆ ಸಾಕು, ಎರಡನೆಯದು ತನ್ನ ಕೆಲಸ ಮುಗಿಸುತ್ತದೆ ಎಂದರು. “ಎದಿ ಡವಡವ ಅಂತೈತಿ, ಕೈ ನಡಗ್ತಾವ, ಅಂಜಬ್ಯಾಡ,” ಎಂದು ಸಿಸ್ಟರ್ ಪುಷ್ಪಳಿಗೆ ಹೇಳಿದರು. ಹೇಳಿ ನನ್ನ ಕಡೆ ತಿರುಗಿ, “ನಿಮಗ್ಯಾಕ್ರೀ ನಡಗಾಕತ್ತಾವ? ನಿಮಗಿನ್ನೂ ಕೊಟ್ಟಿಲ್ಲ,” ಎಂದರು.

ಬೇನೆ ನಿಂತಿತು. ಎರಡು ದಿನ ನಿಂತರೆ ಸಾಕಿತ್ತು, ಅದು ವಾರಗಟ್ಟಲೆ ನಿಂತಿತು. ಪುಷ್ಪ ರಜೆ ಹಾಕಿ ಮನೆಯಲ್ಲಿ ಮಲಗಿದಳು. ಒಂಬತ್ತು ತಿಂಗಳು ತುಂಬಿತು. ನನ್ನ ತಲೆಯೊಳಗೆ ಒಂದು ಹುಳ ಹೊಕ್ಕಿತು. ಸಿಸ್ಟರ್ ಬ್ರೇಕು ಸ್ವಲ್ಪ ಜಾಸ್ತಿಯೇ ಹಾಕಿದ್ದಾರೆ ಎನ್ನಿಸತೊಡಗಿತು. ಔಷಧ ದೇಹದಲ್ಲಿ ಉಳಿದುಕೊಂಡಿದೆ, ಬ್ರೇಕು ಅಂಟಿಕೊಂಡಿದೆ. ಕಾರ್ಖಾನೆಯಲ್ಲಿ ಹಾಗೆ ಎಷ್ಟು ಸಲ ಆಗಿಲ್ಲ! ಇದನ್ನು ಫೋನ್ ಮಾಡಿ ಕೇಳಿದ್ದಕ್ಕೆ ಸಿಸ್ಟರ್, “ಆ ಔಷಧ ಯಾವಾಗೋ ಉಚ್ಚ್ಯಾಗ ಹೋಗೇತ್ರಿ. ನೀವು ಹೋಗಿ ನಿಮ್ಮ ಲೇತ್ ನೋಡ್ಕೋರಿ,” ಎಂದು ಫೋನಿಟ್ಟರು. ನನಗೆ ಸಮಾಧಾನವಾಗಲಿಲ್ಲ. ಮಷೀನು ಗೊತ್ತಿಲ್ಲದವರು ಹಾಗೆಯೇ ಹೇಳುವುದು ಎಂದುಕೊಂಡೆ.

ಒಂದು ದಿನ ಬೆಳಿಗ್ಗೆ ಪುಷ್ಪಳಿಗೆ ನೀರು ಹೋಯಿತು. ಬೇನೆ ಮಾತ್ರ ಇಲ್ಲ. ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದ ನಾನು ಕೈ ಕೂಡ ಸರಿಯಾಗಿ ತೊಳೆಯದೆ ಅವಳನ್ನೂ ಅತ್ತೆಯನ್ನೂ ಕರೆದುಕೊಂಡು ಹೋದೆ. ಮೇಡಂ ನೋಡಿ, ಕಾದು ಕೂರುವುದು ಬೇಡ, ಬೇನೆ ಬರಿಸೋಣ ಎಂದರು. ಸಿಸ್ಟರ್ ಫ್ರಿಜ್ಜಿನಿಂದ ಪುಟ್ಟ ಗಾಜಿನ ಶೀಶೆ ತೆಗೆದು, ಕತ್ತು ಮುರಿದು, ಬಾಟಲಿಗೆ ಸೇರಿಸಿ ಡ್ರಿಪ್ ಹಚ್ಚಿದರು. ನಿಮಿಷಕ್ಕೆ ಎಂಟು ಹನಿ. ಅರ್ಧ ಗಂಟೆ ಹೊಟ್ಟೆಯ ಮೇಲೆ ಕೈ ಇಟ್ಟು ನೋಡಿ, ಹದಿನಾರು ಹನಿ. ಅಷ್ಟಕ್ಕೇ ನಿಲ್ಲಿಸಿದರು.

“ಇಷ್ಟೇನಾ ಸಿಸ್ಟರ್?” ಎಂದೆ. “ಸ್ವಲ್ಪ ಜಾಸ್ತಿ ಬಿಟ್ರೆ ಬೇಗ ಆಗ್ಬಿಡಲ್ವಾ? ಅವಳು ಒದ್ದಾಡ್ತಿದಾಳೆ.”

“ಹತ್ತು ನಿಮಿಷಕ್ಕ ಮೂರು ಬ್ಯಾನಿ ಬೇಕ್ರಿ. ನಡುವ ಹೊಟ್ಟಿ ಸಡಲ ಆಗಬೇಕು. ಸಡಲ ಆದಾಗ ಕೂಸು ಉಸರಾಡ್ತೈತಿ. ಸಡಲ ಆಗ್ಲಿಲ್ಲಂದ್ರ ಕೂಸಿಗೆ ಉಸರು ಎಲ್ಲಿಂದ ಬರ್ಬೇಕು? ಇದು ಹನಿ ಲೆಕ್ಕದ ಔಷಧ. ಸುಮ್ನ ಕೈ ಮಡಚಿ ಕೂಡ್ರಿ. ಇಲ್ಲೇ ಇರ್ರಿ ಅಂತ ಮೇಡಂ ಹೇಳ್ಯಾರಂತ ಬಿಟ್ಟೇನಿ.”

ಇಷ್ಟು ಸ್ಪಷ್ಟವಾಗಿ ಹೇಳಿದ್ದರು. ನಾನೂ ಕೈ ಮಡಚಿಯೇ ಕುಳಿತಿದ್ದೆ. ಆದರೆ ನನ್ನ ಕಣ್ಣು ಡ್ರಿಪ್ ಕೊಳವೆಯ ಮೇಲೇ ಇತ್ತು. ನಮ್ಮ ಕಾರ್ಖಾನೆಯ ಹಳೆಯ ಮಷೀನಿನ ನೆತ್ತಿಯ ಮೇಲೆ ಥೇಟ್ ಇಂಥದೇ ಒಂದು ಗಾಜಿನ ಬುಡ್ಡಿಯಿದೆ. ಅದರಿಂದ ಬೇರಿಂಗಿಗೆ ಎಣ್ಣೆ ಹನಿಹನಿಯಾಗಿ ಬೀಳುತ್ತದೆ. ಕೆಳಗೊಂದು ತಿರುಪು. ಮಷೀನು ಬಿಗಿಯಾಗಿ ಕಿರುಗುಟ್ಟಿದರೆ ತಿರುಪು ಸ್ವಲ್ಪ ಸಡಿಲಿಸಿ ಹನಿ ಜಾಸ್ತಿ ಬಿಡುವುದು, ಓಡಲು ಶುರುವಾದ ಮೇಲೆ ಮತ್ತೆ ಬಿಗಿ ಮಾಡುವುದು. ಹನ್ನೆರಡು ವರ್ಷದಿಂದ ನಾನು ದಿನಾ ಮಾಡುವ ಕೆಲಸ ಅದು. ಡ್ರಿಪ್ಪಿನ ನಳಿಕೆಯ ಮೇಲೂ ಒಂದು ಬಿಳಿ ಚಕ್ರ. ಹೆಬ್ಬೆರಳಿಗೆ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು.

ಅಷ್ಟರಲ್ಲಿ ಹೊರಗೆ ಕೌಂಟರಿನಲ್ಲಿ ಗಲಾಟೆ ಕೇಳಿಸಿತು. ಹೆಸರಘಟ್ಟ ರಸ್ತೆಯ ಕಡೆ ಎಮ್ಮೆ ಕಟ್ಟಿಕೊಂಡಿದ್ದವನೊಬ್ಬ ಬಂದಿದ್ದ. ಬೇನೆ ಬರಿಸುವ ಔಷಧ ಹಾಲನ್ನೂ ಇಳಿಸುತ್ತದೆ ಎಂಬುದು ದನ ಕಟ್ಟಿದವರಲ್ಲಿ ಕೆಲವರಿಗೆ ಗೊತ್ತು. ಎಮ್ಮೆಗೆ ಅದನ್ನು ಚುಚ್ಚುವುದು ತಪ್ಪು ಎಂಬುದೂ ಗೊತ್ತು, ಅದಕ್ಕೇ ಅಂಗಡಿಗೆ ಹೋಗದೆ ಹೀಗೆ ಆಸ್ಪತ್ರೆಗಳನ್ನು ಸುತ್ತುತ್ತಾರೆ.

“ಒಂದೇ ಒಂದು ಕೊಡಕ್ಕ. ಒದೀತದೆ ಕಣಕ್ಕ, ಆಲು ಇಳಿಸಾಕಿಲ್ಲ ಅಂತದೆ,” ಎಂದು ಅವನು ಗೋಗರೆಯುತ್ತಿದ್ದ.

ಸಿಸ್ಟರ್ ಎದ್ದರು. ಈ ಒಂದು ವಿಷಯದಲ್ಲಿ ಅವರಿಗೆ ಸಿಟ್ಟು ತಡೆಯುತ್ತಿರಲಿಲ್ಲ. “ಒದಿಯೂದು ಬರೋಬ್ಬರಿ ಐತಿ. ನಿನ್ನ ಮಾರಿ ನೋಡಿ ಒದಿತೈತಿ. ದಿನಾ ಬ್ಯಾನಿ ಬರಿಸಿ ಹಾಲು ಹಿಂಡ್ತೀಯಲ್ಲೋ, ನಿನಗ ಒಮ್ಮೆ ಚುಚ್ಚಲೇನು?” ಎಂದು ಶುರು ಮಾಡಿ, ಅವನನ್ನು ಮೆಟ್ಟಿಲಿನವರೆಗೆ ಬೈದುಕೊಂಡು ಹೋದರು. ಮೆಟ್ಟಿಲಿಳಿದು ಬೇಕರಿಯವರೆಗೂ ಹೋದರು.

ಒಟ್ಟು ಐದು ನಿಮಿಷ. ಪುಷ್ಪ ಕಣ್ಣು ಮುಚ್ಚಿ ನರಳುತ್ತಿದ್ದಳು. ಅತ್ತೆ ಹಿಂದಿನ ಸಲದ ಮೊಸರನ್ನದ ಅವಮಾನದಿಂದ ಇನ್ನೂ ಒಳಗೆ ಬಂದಿರಲಿಲ್ಲ. ನಾನು ಎದ್ದೆ. ಬ್ರೇಕು ಅಂಟಿಕೊಂಡಿದೆ, ಸ್ವಲ್ಪ ಎಣ್ಣೆ ಬಿಟ್ಟರೆ ಬಿಡಿಸಿಕೊಳ್ಳುತ್ತದೆ, ಓಡಲು ಶುರುವಾದ ಮೇಲೆ ಮತ್ತೆ ಬಿಗಿ ಮಾಡಿದರಾಯಿತು. ಇದು ನನ್ನ ತಲೆಯಲ್ಲಿ ಓಡಿದ್ದು. ಚಕ್ರವನ್ನು ಹೆಬ್ಬೆರಳಲ್ಲಿ ಮೇಲಕ್ಕೆ ಸರಿಸಿದೆ. ಹನಿ ಜೋರಾಯಿತು. ಬಂದು ಕುಳಿತೆ. ನನಗೆ ಹೆಮ್ಮೆಯಾಗಿತ್ತು ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಪುಷ್ಪಳ ನರಳಾಟದ ನಡುವೆ ಅಲ್ಲಿಯವರೆಗೆ ಬಿಡುವಿರುತ್ತಿತ್ತು. ಅದು ಹೋಯಿತು. ಒಂದೇ ಸಮ ಕೂಗತೊಡಗಿದಳು. ಓಹೋ, ಓಡಲು ಶುರುವಾಯಿತು ಎಂದುಕೊಂಡು ಬಿಗಿ ಮಾಡಲು ಏಳುವಷ್ಟರಲ್ಲಿ ಸಿಸ್ಟರ್ ಮೆಟ್ಟಿಲು ಹತ್ತಿ ಓಡಿ ಬಂದರು. ಕೂಗು ಕೇಳಿದ್ದೇ ಅವರಿಗೆ ಗೊತ್ತಾಗಿತ್ತು. ಕೊಳವೆ ನೋಡಿದವರೇ ಚಕ್ರವನ್ನು ಪೂರ್ತಿ ಕೆಳಗೆ ಎಳೆದು ಮುಚ್ಚಿದರು. ಆಗ ಅವರ ಕೈ ಒಂದು ಕ್ಷಣ ನಿಂತಿತು. ಬಿಳಿ ಚಕ್ರದ ಮೇಲೆ ಕಪ್ಪಗೆ ಒಂದು ಹೆಬ್ಬೆಟ್ಟಿನ ಗುರುತು. ಕಬ್ಬಿಣದ ಪುಡಿ, ಗ್ರೀಸು, ಪೀಣ್ಯದ ಮಸಿ.

ನನ್ನನ್ನು ನೋಡಲಿಲ್ಲ. ಬಾಗಿಲಿನ ಕಡೆ ನೋಡಿದರು. ಕೂಗು ಕೇಳಿ ಅತ್ತೆ ಅಲ್ಲಿ ಬಂದು ನಿಂತಿದ್ದರು. ಸಿಸ್ಟರ್ ಜೇಬಿನ ಹತ್ತಿ ತೆಗೆದು ಚಕ್ರವನ್ನು ಒರೆಸಿಬಿಟ್ಟರು. ಆಮೇಲೆ ಪುಷ್ಪಳನ್ನು ಎಡಕ್ಕೆ ಹೊರಳಿಸಿ, ಮೂಗಿಗೆ ಆಮ್ಲಜನಕ ಹಚ್ಚಿ, ಹೊಟ್ಟೆಗೆ ಮಗುವಿನ ಎದೆಬಡಿತ ಕೇಳಿಸುವ ಯಂತ್ರ ಇಟ್ಟರು. ಮೊದಲು ಅದರಲ್ಲಿ ಕುದುರೆ ಓಡಿದಂತೆ ಸದ್ದು ಬರುತ್ತಿತ್ತು. ಈಗ ಯಾರೋ ಯೋಚನೆ ಮಾಡಿಕೊಂಡು ನಡೆದಂತೆ ಬರುತ್ತಿತ್ತು. “ಮೇಡಂನ ಕರೀರಿ,” ಎಂದು ಅವರು ಕೂಗಿದ ದನಿಯಲ್ಲಿ ಬೈಗುಳ ಇರಲಿಲ್ಲ. 

ಮೇಡಂ ಬಂದರು. ತೋಳಿನ ಚರ್ಮದಡಿಗೆ ಒಂದು ಚುಚ್ಚುಮದ್ದು ಕೊಡಿಸಿದರು. ಬೇನೆ ಸಡಿಲಿಸುವುದು. ಹಿಂದೆ ಎರಡು ದಿನ ಮಗುವನ್ನು ಒಳಗೆ ಹಿಡಿದಿಟ್ಟದ್ದೂ ಅದೇ ಔಷಧ, ನಾನು ಶಪಿಸುತ್ತಿದ್ದ ಅದೇ ಬ್ರೇಕು. ಸಿಸ್ಟರ್ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕುಳಿತರು. ನಾನು ಗೋಡೆಗೆ ಅಂಟಿಕೊಂಡು ಮನೆದೇವರಿಗೆ ಒಂದರ ಮೇಲೊಂದು ಹರಕೆ ಹೊತ್ತೆ. ಕೊನೆಗೆ ಅವರು, “ಹಣಿ ಇದ್ದದ್ದು ಗದ್ದ ಆತ್ರಿ ಮೇಡಂ,” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಮೂಗು ಆತು,” ಎಂದರು. ಯಂತ್ರದೊಳಗಿನ ಕುದುರೆ ಮತ್ತೆ ಓಡತೊಡಗಿತು.

ಮೇಡಂ ಉಸಿರು ಬಿಟ್ಟು, “ಡ್ರಿಪ್ ಹೇಗೆ ಫಾಸ್ಟ್ ಆಯ್ತು?” ಎಂದು ಕೇಳಿದರು.

ಆ ಪ್ರಶ್ನೆ ಯಾರಿಗೆ ಎಂದು ಹೇಳಿರಲಿಲ್ಲ. ಸಿಸ್ಟರ್ ಕಪ್ಪಾದ ಹತ್ತಿಯನ್ನು ಜೇಬಿನೊಳಗೆ ಇನ್ನೂ ಆಳಕ್ಕೆ ತಳ್ಳಿದರು. ಬಾಗಿಲಲ್ಲಿ ಅತ್ತೆ. ನನ್ನ ಬಾಯಿ ತಾನಾಗಿ ತೆರೆದುಕೊಂಡಿತು. “ಚಕ್ರ ಲೂಸಾಗಿದೆ ಮೇಡಂ. ನಾನು ಮಷೀನ್ ಲೈನಲ್ಲೇ ಇರೋದು. ಪ್ಲಾಸ್ಟಿಕ್ ಕ್ವಾಲಿಟಿ ಸರಿಯಿಲ್ಲ, ವೈಬ್ರೇಷನ್‌ಗೆ ಜಾರಿರುತ್ತೆ.”

ಮಲಗಿಸಿದ ಮಂಚದಲ್ಲಿ ಎಲ್ಲಿಂದ ವೈಬ್ರೇಷನ್? ಆದರೂ ಮೇಡಂ ತಲೆಯಾಡಿಸಿದರು. ಆಮೇಲೆ ಎಲ್ಲರ ಮುಂದೆ, “ಸಿಸ್ಟರ್, ಆ ಡ್ರಿಪ್ ಬಿಟ್ಟು ನೀವು ಹೋಗ್ಬಾರ್ದಿತ್ತು,” ಎಂದರು.

“ಹೌದ್ರಿ ಮೇಡಂ. ನನ್ನ ತಪ್ಪು,” ಎಂದರು ನೀಲವ್ವ ಸಿಸ್ಟರ್. ಅವರ ಡ್ರಿಪ್ಪು ಒಂದು ಹನಿಯೂ ತಪ್ಪುವುದಿಲ್ಲ ಎಂದು ಇಡೀ ಆಸ್ಪತ್ರೆ ಹೇಳುತ್ತಿತ್ತು. ಆ ಹೆಸರು ನನ್ನ ಕಣ್ಣೆದುರೇ ಹೋಯಿತು. ನಾನು ಗೋಡೆಯ ಮೇಲಿದ್ದ ಲಸಿಕೆಯ ಪಟ್ಟಿಯನ್ನು ಬಹಳ ಆಸಕ್ತಿಯಿಂದ ಓದತೊಡಗಿದೆ.

ಆಮೇಲೆ ಡ್ರಿಪ್ಪು ಬೇಕಾಗಲಿಲ್ಲ. ಬೇನೆ ತಾನಾಗಿಯೇ ಹದಕ್ಕೆ ಬಂದು, ಮೇಲಿನ ಟ್ಯೂಷನ್ನಿನಲ್ಲಿ ಮಕ್ಕಳು ಹದಿಮೂರರ ಮಗ್ಗಿ ಹೇಳುವ ಹೊತ್ತಿಗೆ ಮಗಳು ಹುಟ್ಟಿದಳು. ಚೆನ್ನಾಗಿಯೇ ಅತ್ತಳು. ಸಿಸ್ಟರ್ ಕೂಡಲೇ ಫ್ರಿಜ್ಜಿನಿಂದ ಅದೇ ಔಷಧದ ಇನ್ನೊಂದು ಶೀಶೆ ತೆಗೆದು ಪುಷ್ಪಳ ತೊಡೆಗೆ ಚುಚ್ಚಿದರೆಂದು ಆಮೇಲೆ ತಿಳಿದು ಕಿರುಚಿಬಿಟ್ಟೆ. “ಮತ್ತೆ ಯಾಕೆ ಅದು?”

“ಈಗ ಅದು ರಕ್ತ ಹೋಗೂದು ತಡಿತೈತಿ. ಗರ್ಭಚೀಲ ಗಟ್ಟಿ ಮುಚ್ಕೋಬೇಕಲ್ರಿ. ಔಷಧ ಒಂದ, ಹೊತ್ತು ಬ್ಯಾರೆ,” ಎಂದು ಹೇಳಿ, ಮಗುವನ್ನು ನನ್ನ ಕೈಗೆ ಕೊಡುವ ಮೊದಲು, “ಕೈ ತೊಳ್ಕೊಂಡು ಬರ್ರಿ. ಸಾಬಾಣ ಹಚ್ಚಿ. ಹೆಬ್ಬಟ್ಟಿಗೆ ಎರಡು ಸಲ,” ಎಂದರು. ಆ ಕೊನೆಯ ಮಾತು ಕೇಳಿ ನನಗೆ ನೆಲ ಬಿರಿಯಬಾರದೇ ಎನ್ನಿಸಿತು. ಹೋಗಿ ಮೂರು ಸಲ ತೊಳೆದೆ.

ಅವತ್ತಿನಿಂದ ನಾನು ಆ ಆಸ್ಪತ್ರೆಯ ಜೀತಕ್ಕೆ ಬಿದ್ದೆ. ಹಾಗೆಂದು ಯಾರೂ ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ಫೋನು ಬರುತ್ತಿತ್ತು. “ಯಜಮಾನ್ರ, ಸ್ಟ್ಯಾಂಡ್ ಅಲ್ಲಾಡಾಕತ್ತೈತಿ.” ನಾನು ಸ್ಪ್ಯಾನರ್ ತೆಗೆದುಕೊಂಡು ಹೊರಡುತ್ತಿದ್ದೆ. ಮಂಚದ ಹಿಡಿಕೆ, ಸ್ಟ್ರೆಚರಿನ ಗಾಲಿ, ಫ್ರಿಜ್ಜಿನ ಬಾಗಿಲು, ತೊಟ್ಟಿಕ್ಕುವ ನಲ್ಲಿ. ತೊಟ್ಟಿಕ್ಕುವ ನಲ್ಲಿಯ ಮುಂದೆ ಅವರು ನಿಂತು, “ನಿಮಿಷಕ್ಕ ಇಪ್ಪತ್ತೆರಡು,” ಎಂದು ರೋಗ ಹೇಳುತ್ತಿದ್ದರು. ನಾನು ವಾಷರ್ ಹಾಕುತ್ತಿದ್ದೆ. ಕೆಲಸ ಮುಗಿದ ಮೇಲೆ ಒಂದು ಮುಷ್ಟಿ ಪುಟಾಣಿ ಬೆಲ್ಲ ಕೈಗೆ ಹಾಕುತ್ತಿದ್ದರು. ಪುಷ್ಪ ಒಮ್ಮೆಯೂ, ಭಾನುವಾರ ಕೂಡ ಅಲ್ಲಿಗೇ ಯಾಕೆ ಹೋಗುತ್ತೀರಿ ಎಂದು ಕೇಳಲಿಲ್ಲ. ಎಷ್ಟು ಒಳ್ಳೆಯ ಹೆಂಡತಿ ಎಂದುಕೊಳ್ಳುತ್ತಿದ್ದೆ.

ಇನ್ನೊಂದು ಬದಲಾವಣೆಯೂ ಆಗಿತ್ತು. ಡ್ರಿಪ್ಪಿನ ಚಕ್ರ ಕೂಡಿಸಿದ ಕೂಡಲೇ ಅದರ ಮೇಲೆ ಅಡ್ಡಡ್ಡ ಎರಡು ಪ್ಲಾಸ್ಟರು ಬೀಳುತ್ತಿದ್ದವು. ಕಾರಿಡಾರಿನ ಬೆಂಚಿಗೆ ಹೊಸ ಗಂಡಂದಿರು ಬಂದರೆ ಸಿಸ್ಟರ್ ನನ್ನನ್ನು ತೋರಿಸಿ, “ಇವ್ರು ಮಷೀನ್ ತಜ್ಞರು. ಚಕ್ರ ಹೆಂಗ ಜಾರ್ತೈತಿ ಅಂತ ಇವ್ರನ್ನ ಕೇಳ್ರಿ,” ಎನ್ನುತ್ತಿದ್ದರು. ಚಿಕ್ಕ ವಯಸ್ಸಿನ ನರ್ಸುಗಳು ಆಗ ಬೇರೆ ಕಡೆ ತಿರುಗಿ ಕೆಮ್ಮುತ್ತಿದ್ದರು. ನಾನು ಬಂದವರಿಗೆ ಮೂಗು, ಗದ್ದ, ಹಣೆಯ ಪಾಠ ಮಾಡುತ್ತಿದ್ದೆ. ಡ್ರಿಪ್ಪಿನ ಹತ್ತಿರ ಕೈ ಹಿಂದೆ ಕಟ್ಟಿಕೊಂಡು ನಿಲ್ಲಬೇಕು ಎಂದು ಹೇಳುತ್ತಿದ್ದೆ. ನಾನು ಹೇಳುವ ರೀತಿಗೆ ಅವರು ಹೆದರುತ್ತಿದ್ದರು.

ಎರಡು ವರ್ಷದ ಹಿಂದೆ ಆಸ್ಪತ್ರೆಗೆ ಹನಿಯನ್ನು ತಾನೇ ಅಳೆದು ಬಿಡುವ ಪಂಪು ಬಂತು. ಗುಂಡಿ ಒತ್ತಿದರೆ ಸಾಕು, ಹೆಚ್ಚುಕಡಿಮೆಯಾದರೆ ಕೀಂ ಎಂದು ಕೂಗುತ್ತದೆ. ಇನ್ನು ಸಿಸ್ಟರಿಗೆ ಎಣಿಸುವ ಕೆಲಸ ತಪ್ಪಿತು ಎಂದುಕೊಂಡೆವು. ಅವರು ಪಂಪಿನ ಪಕ್ಕ ಗಡಿಯಾರ ಹಿಡಿದು ನಿಂತು ಅದನ್ನು ಎಣಿಸತೊಡಗಿದರು. “ಸಿಸ್ಟರ್, ಅದು ಕಂಪ್ಯೂಟರ್, ತಪ್ಪೋದಿಲ್ಲ,” ಎಂದೆ. “ನೀವೂ ಸೂಪರ್‌ವೈಸರ್ ಇದ್ರಿ,” ಎಂದರು. ನಾನು ಸ್ಪ್ಯಾನರ್ ಎತ್ತಿಕೊಂಡು ಮಂಚದ ಕಡೆ ನಡೆದೆ.

ಎಷ್ಟೋ ಸಲ ಹೇಳಿಬಿಡಬೇಕು ಎಂದುಕೊಂಡಿದ್ದೆ. ಸಿಸ್ಟರಿಗಲ್ಲ, ಅವರಿಗೆ ಗೊತ್ತಿತ್ತು. ಪುಷ್ಪಳಿಗೆ. ಮಗಳಿಗೆ ಸ್ವಲ್ಪ ಜ್ವರ ಬಂದರೂ, ಒಂದು ಅಕ್ಷರ ತಡವಾಗಿ ಕಲಿತರೂ, ಅವತ್ತಿನ ಐದು ನಿಮಿಷ ಎದೆಗೆ ಬಂದು ಕೂರುತ್ತಿತ್ತು. ಮಗಳು ಬಲು ಚೂಟಿ, ನನ್ನ ತಲೆಯ ಮೇಲೆ ಹತ್ತಿ ಕೂರುತ್ತಾಳೆ, ಅವಳಿಗೇನೂ ಆಗಿಲ್ಲ. ಆದರೂ ಪುಷ್ಪ ಅವಳಿಗೆ ತಲೆ ಬಾಚುವುದನ್ನು ನೋಡಿದಾಗಲೆಲ್ಲ ಹೇಳಲು ಬಾಯಿ ತೆರೆಯುತ್ತಿದ್ದೆ. ತೆರೆದ ಬಾಯಿಂದ, “ಕಾಫಿ ಇದ್ಯಾ?” ಎಂಬ ಮಾತು ಬರುತ್ತಿತ್ತು. ಆ ವರ್ಷಗಳಲ್ಲಿ ನಾನು ವಿಪರೀತ ಕಾಫಿ ಕುಡಿದೆ.

ಹೋದ ಬೇಸಿಗೆಯಲ್ಲಿ ನೀಲವ್ವ ಸಿಸ್ಟರ್ ಕೆಲಸ ಬಿಟ್ಟರು. ಮಂಡಿ ನೋವು, ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಊರಲ್ಲಿ ತಂಗಿಯ ಮನೆಗೆ ಹೋಗಿಬಿಡುತ್ತೇನೆ ಎಂದರು. ಹೊರಡುವ ದಿನ ಬೆಳಿಗ್ಗೆ ಪುಷ್ಪ ಅವರ ಜೊತೆ ಆಟೋದಲ್ಲಿ ಹೊರಟಳು. ನಾನು ಮಗಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹಿಂದೆ ಹೋದೆ. ಗೊರಗುಂಟೆಪಾಳ್ಯದಲ್ಲಿ ಉತ್ತರಕ್ಕೆ ಹೋಗುವ ಬಸ್ಸಿಗೆ ಕಾಯುತ್ತ ನಿಂತೆವು. ಎರಡು ಬ್ಯಾಗು, ಒಂದು ಕುಕ್ಕರು, ಒಂದು ಟೇಬಲ್ ಫ್ಯಾನು. ಬಿಳಿ ಕೋಟಿಲ್ಲದೆ ಸೀರೆಯಲ್ಲಿ ಅವರು ಯಾರದೋ ಅಜ್ಜಿಯ ಹಾಗೆ ಕಂಡರು. ಇವರು ಹೋಗಿಬಿಟ್ಟರೆ ಆ ಐದು ನಿಮಿಷದ ಸಾಕ್ಷಿಯೂ ಹೋಗುತ್ತದೆ ಎಂದು ಮನಸ್ಸಿಗೆ ಬಂತು. ಅದರಿಂದ ನನಗೆ ಹಗುರವಾಗಬೇಕಿತ್ತು. ಆಗಲಿಲ್ಲ. 

“ಸಿಸ್ಟರ್,” ಎಂದೆ. “ಅವತ್ತು ಆ ಚಕ್ರ ಜಾರಿರ್ಲಿಲ್ಲ. ನಾನೇ ತಿರುಗಿಸಿದ್ದು. ಬೈಗುಳ ನೀವು ತಿಂದ್ರಿ.”

ಹೇಳಿ ಪುಷ್ಪಳ ಕಡೆ ನೋಡುವ ಧೈರ್ಯವಾಗಲಿಲ್ಲ. ಸಿಸ್ಟರ್ ಕುಕ್ಕರಿನ ಮುಚ್ಚಳ ಸರಿಯಾಗಿದೆಯೇ ಎಂದು ನೋಡುತ್ತಿದ್ದವರು ತಲೆಯೆತ್ತಿ, “ನಾಕು ವರ್ಷ ಎಂಟು ತಿಂಗಳು,” ಎಂದರು. “ಇಷ್ಟು ತಡಾ ಆದ ಹೆರಿಗಿ ನಾ ನೋಡೇ ಇಲ್ಲ ಬಿಡ್ರಿ.”

“ಮೇಡಂಗೆ ಹೇಳ್ಬಿಡ್ತೀನಿ. ಇವತ್ತೇ ಹೋಗಿ ಹೇಳ್ತೀನಿ.”

“ಅವತ್ತ ಸಂಜೀಕ ನಾನ ಹೇಳೇನ್ರಿ. ಔಷಧದ ವಿಷಯದಾಗ ಮುಚ್ಚಿಟ್ರ ಮುಂದಿನಾಕಿ ಜೀವಕ್ಕ ಬರ್ತೈತಿ.”

“ಮತ್ತೆ ಆ ಗುರುತು ಯಾಕೆ ಒರೆಸಿದ್ರಿ?”

“ನಿಮ್ಮತ್ತಿ ಬಾಗಲದಾಗ ನಿಂತಿದ್ರಲ್ರಿ. ಅವ್ರು ನೋಡಿದ್ರ ನನಗ ಅವತ್ತ ಎರಡು ಕೇಸ್ ಆಗ್ತಿದ್ವು, ಹೆರಿಗಿದೊಂದು, ನಿಮ್ಮ ತಲಿ ಹೊಲಿಯೂದೊಂದು. ನನ್ನ ತಪ್ಪೂ ಇತ್ತು. ಎಮ್ಮಿಯಂವನ ಹಿಂದ ಹೋಗಬಾರದಿತ್ತು ನಾ. ಅದನ್ನೂ ಮೇಡಂಗ ಹೇಳೇನಿ.” ಬಸ್ಸು ಬಂತು. ಮಗಳ ಕೆನ್ನೆ ಹಿಂಡಿ, ಉಳಿದ ಪುಟಾಣಿಯ ಪೊಟ್ಟಣವನ್ನು ಅವಳ ಕೈಗೆ ಕೊಟ್ಟು, ಕಂಡಕ್ಟರಿಗೆ ಫ್ಯಾನು ಉಲ್ಟಾ ಇಟ್ಟಿದ್ದಕ್ಕೆ ಬೈಯುತ್ತಲೇ ಹತ್ತಿದರು. ಕಿಟಕಿಯಲ್ಲಿ ಒಮ್ಮೆ ಕಂಡರು. ನಾನು ಕೈಯೆತ್ತುವಷ್ಟರಲ್ಲಿ ಲಾರಿಯೊಂದು ಅಡ್ಡ ಬಂತು.

ಮೂವರೂ ಸ್ಕೂಟರಿನಲ್ಲಿ ಹೊರಟೆವು.  ಜಾಲಹಳ್ಳಿ ಕ್ರಾಸ್ ಬಂದಾಗ ಪುಷ್ಪ ನನ್ನ ಹೆಲ್ಮೆಟ್ಟಿನ ಹತ್ತಿರ ಬಾಯಿ ತಂದು, “ನಾನು ನೋಡಿದ್ದೆ ಕಣ್ರೀ,” ಎಂದಳು. “ನೀವು ಎದ್ದು ಹೋಗಿದ್ದು, ತಿರುಗಿಸಿದ್ದು, ಕೈ ಪ್ಯಾಂಟಿಗೆ ಒರೆಸ್ಕೊಂಡು ಬಂದು ಕೂತಿದ್ದು. ಎಲ್ಲಾ ಅರೆಗಣ್ಣಲ್ಲೇ ನೋಡ್ದೆ.”

“ಮತ್ತೆ ಯಾಕೆ ಕೇಳ್ಲಿಲ್ಲ?”

“ಬಾಣಂತಿಲೇ ಕೇಳೋಣ ಅಂತಿದ್ದೆ. ಸಿಸ್ಟರ್ ಬೇಡ ಅಂದ್ರು. ಇದಕ್ಕೆ ಡ್ರಿಪ್ ಹಾಕೋಕಾಗಲ್ಲ ಕಣವ್ವ, ತಾನಾಗೇ ಬರಬೇಕು, ಕಾಯಿ ಅಂದ್ರು. ಕಾದೆ. ನೀವು ತಿರುಗಿಸಿದ್ರಿ ಅನ್ನೋ ಸಿಟ್ಟು ನನಗೆ ಆಗ್ಲೇ ಹೋಗಿತ್ತು ರೀ. ಕೊನೇತನಕ ಹೇಳದೇನೇ ಇದ್ಬಿಡ್ತೀರೇನೋ ಅಂತ ಭಯ ಆಗ್ತಿತ್ತು.”

ಗಾಡಿಯನ್ನು ಮೆಟ್ರೋ ಕಂಬದ ಪಕ್ಕಕ್ಕೆ ತಂದು ನಿಲ್ಲಿಸಿದೆ. ಕಣ್ಣು ಕಾಣುತ್ತಿರಲಿಲ್ಲ. ಹೆಲ್ಮೆಟ್ಟಿನೊಳಗೆ ಅಳುವುದು ಎಷ್ಟು ಕಷ್ಟ ಎಂದು ಅವತ್ತೇ ಗೊತ್ತಾದದ್ದು, ಒರೆಸಿಕೊಳ್ಳಲು ಕೈ ಹೋಗುವುದಿಲ್ಲ. ಮಗಳು ಮುಂದಿನಿಂದ ತಿರುಗಿ ನನ್ನನ್ನೇ ನೋಡಿ, “ಅಮ್ಮಾ, ಅಪ್ಪ ಯಾಕೆ ಅಳ್ತಿದಾರೆ?” ಎಂದಳು.

“ಸಿಸ್ಟರಜ್ಜಿ ಊರಿಗೆ ಹೋದ್ರಲ್ಲಾ, ಅದಕ್ಕೆ,” ಎಂದಳು ಪುಷ್ಪ.

“ಅದಕ್ಕಲ್ಲ ಮಗಳೇ,” ಎಂದೆ. ಹೆಲ್ಮೆಟ್ ತೆಗೆದು, ಮೂಗು ಒರೆಸಿಕೊಂಡು, ಇನ್ನೂ ಐದು ತುಂಬದವಳಿಗೆ ಅರ್ಥವಾಗುವ ಹಾಗೆ ಮೊದಲಿನಿಂದ ಹೇಳಲು ಶುರು ಮಾಡಿದೆ.